ಜಂಬೆಹಳ್ಳದ ಮತ್ತಿ ಮರ

ದಾಂಡೇಲಿ,
೨೮ ಜುಲೈ ೨೦೦೩, ಸೋಮವಾರ

ಪ್ರೀತಿಯ ಅಂತೋನಿ ಅಣ್ಣಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಮಡಗಾಂವದ ಆ ಹೋಟೆಲಿನಲ್ಲಿ ಮಲಗುವ ಜಾಗ ಸೋರುತ್ತದೆ ಎಂದು ಚಿಕ್ಕಪ್ಪನ ಮಗ ಫಿಲಿಪ್ ಬಂದು ಹೇಳಿದ. ಅಂದಿನಿಂದ ಅವ್ವ ಮಳೆ ಜೋರಾದಾಗಲೆಲ್ಲ ನಿನ್ನ ಹೆಸರು ಹಿಡಿದು ಗೊಣಗುತ್ತಾಳೆ, ಗೋವಾದಲ್ಲಿ ಮಳೆ ಸುರಿಸುತ್ತಿರುವವಳು ನಾನೇ ಎನ್ನುವ ಹಾಗೆ ನನ್ನ ಮುಖ ನೋಡುತ್ತಾಳೆ. ಅವಳ ಮೊಣಕಾಲು ನೋವು ಹೆಚ್ಚಾಗಿದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನನ್ನ ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಇದೆ, ಕಾಗದವನ್ನು ಒತ್ತಿ ಹಿಡಿಯಲು ಆಗದೆ ಅಕ್ಷರಗಳು ಅಂಕುಡೊಂಕಾಗಿವೆ. ಬೂತಿಗೆ ಹೋಗಿ ಫೋನ್ ಮಾಡಬಹುದಿತ್ತು. ಆದರೆ ಸಾಲಿನಲ್ಲಿ ನಿಂತವರೆದುರು ಇದನ್ನೆಲ್ಲ ಕೂಗಿ ಹೇಳಲು ನನ್ನಿಂದಾಗದು.

ಮಳೆಗಾಲದ ಕೆಲಸಕ್ಕೆಂದು ನೀನು ಗೋವಾಕ್ಕೆ ಹೋದ ಮೇಲೆ ನಮ್ಮ ಹಳದಿ ಕಯಾಕಿನಲ್ಲಿ ಪಕ್ಕದ ಮನೆಯ ನೀಲಕ್ಕನ ಕೋಳಿ ಕಾವಿಗೆ ಕೂತಿತ್ತು. ಮೂತಿಗೆ ತೇಪೆ ಹಚ್ಚಿದ ಆ ಒಬ್ಬರೇ ಕೂರುವ ದೋಣಿಯನ್ನು ನದಿ ಕ್ಯಾಂಪಿನವರು ಮಳೆಗಾಲ ಮುಗಿಯುವ ತನಕ ನಮ್ಮ ಹಿತ್ತಲಲ್ಲಿ ಇಡಲು ಕೊಟ್ಟದ್ದು ನಿನ್ನ ಮುಖ ನೋಡಿ ಎಂದು ನನಗೆ ಗೊತ್ತಿದೆ. ನೀನು ಗಿರಾಕಿಗಳನ್ನು ಕಾಳಿ ನದಿಯಲ್ಲಿ ಇಳಿಸುವ ಗೈಡ್, ನಾನು ಅದೇ ಕ್ಯಾಂಪಿನ ಹಿಂದೆ ಪಾತ್ರೆ ತಿಕ್ಕುವವಳು. ಆದರೂ ಸಂಜೆ ಹೊತ್ತು ನನ್ನನ್ನು ಅದರಲ್ಲಿ ಕೂರಿಸಿ, ಎರಡೂ ತುದಿಗೆ ಹಲಗೆಯಿರುವ ಹುಟ್ಟು ಹಾಕುವುದನ್ನು ಕಲಿಸಿದವನು ನೀನೇ. ಅಕ್ಟೋಬರಿನಲ್ಲಿ ಹೊಸ ಗೈಡುಗಳನ್ನು ಆರಿಸುವಾಗ ನಾನೂ ನಿಲ್ಲಬೇಕು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದು ನೆನಪಿದೆಯಲ್ಲ? ಆ ಆಸೆಯಿಂದಲೇ ಹಿತ್ತಲಿನಾಚೆಯ ಜಂಬೆಹಳ್ಳದಲ್ಲಿ ಅಭ್ಯಾಸ ಮಾಡುತ್ತೇನೆ, ತಿರುವಿನಲ್ಲಿ ಅಡ್ಡ ಬಿದ್ದ ಮತ್ತಿ ಮರವೊಂದನ್ನು ಕಡಿದುಕೊಡು ಎಂದು ನಿನ್ನ ಕಾಲು ಹಿಡಿದಿದ್ದೆ. ಗೋವಾಕ್ಕೆ ಹೊರಡುವ ಬೆಳಿಗ್ಗೆ ಚೀಲ ಹೆಗಲಿಗೇರಿಸುತ್ತ ನೀನು, "ಮರ ಕಡದೇನಿ, ಹಾದಿ ಸಾಫ್ ಐತಿ. ಧೈರ್ಯಲೆ ಹೋಗು" ಎಂದೆ. ನಾನು ಖುಷಿಗೆ ನಿನ್ನ ಚೀಲವನ್ನು ಬಸ್ಸಿನ ತನಕ ಹೊತ್ತು ತಂದೆ.

ಹೋದ ವಾರ ಮಳೆ ಹಗಲು ರಾತ್ರಿ ಎನ್ನದೆ ಹೊಡೆಯಿತು. ನಿಂತ ಮೇಲೆ ಹಳ್ಳ ಅರ್ಧ ದಿನದಲ್ಲೇ ಇಳಿದುಬಿಡುತ್ತದೆ, ನಿನಗೆ ಗೊತ್ತು. ಜೊತೆಗೆ ದಂಡೆಯಲ್ಲಿ ಬರಬೇಕಿದ್ದ ಫಿಲಿಪ್ ನಾಟಿಗೆ ಹೋಗಿದ್ದ, ಕಾಯುತ್ತ ಕೂತರೆ ನೀರಿರುತ್ತಿರಲಿಲ್ಲ. ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಗೆ ಸಾಗಿಸಿ, ಅದರ ಶಾಪ ಹೊತ್ತು, ಒಬ್ಬಳೇ ಇಳಿದೆ. ಅಣ್ಣಾ, ಮೊದಮೊದಲು ಎಷ್ಟು ಚೆನ್ನಾಗಿತ್ತು ಎಂದರೆ ನಾನು ಒಬ್ಬಳೇ ನಗುತ್ತಿದ್ದೆ. ಬಿದಿರಿನ ಮೆಳೆಗಳು ಎರಡೂ ದಂಡೆಯಿಂದ ಬಾಗಿ ಬಿದ್ದಿದ್ದವು, ಬೆನ್ನು ಹಿಂದಕ್ಕೆ ಒರಗಿಸಿ ಅವುಗಳ ಕೆಳಗೆ ನುಸುಳಿದೆ, ಮುಳ್ಳು ಕೂದಲಿಗೆ ಸಿಕ್ಕಿ ತೆರಿಗೆ ವಸೂಲಿ ಮಾಡಿತು. ಕೊಂಬೆ, ದಿಮ್ಮಿ, ಕಸ ರಾಶಿಬಿದ್ದ ಕಡೆಯೆಲ್ಲ ಇಳಿದು ದೋಣಿಯನ್ನು ದಂಡೆಯ ಮೇಲೆ ಎಳೆದು ಮುಂದೆ ಬಿಟ್ಟೆ. ಆಚೆ ಕಾಣದ ತಿರುವು ಬಂದರೆ ಮೊದಲು ನಡೆದು ನೋಡಬೇಕು ಎಂದು ನೀನು ಕಲಿಸಿದ್ದನ್ನು ಎಲ್ಲ ಕಡೆಯೂ ಪಾಲಿಸಿದೆ. ಆ ಒಂದು ತಿರುವಿನಲ್ಲಿ ಮಾತ್ರ ಇಳಿಯಲಿಲ್ಲ. ಅದು ಸಾಫ್ ಇದೆ ಎಂದು ಅಣ್ಣ ಹೇಳಿದ್ದಾನಲ್ಲ ಎಂದು ಹುಟ್ಟು ಜೋರಾಗಿ ಹಾಕಿದೆ.

ಮರ ಹೇಗಿತ್ತೋ ಹಾಗೇ ಇತ್ತು. ನೀರು ಕೊಂಬೆಗಳ ಸಂದಿಯಿಂದ ಹಾದುಹೋಗುತ್ತಿತ್ತು, ನಾನು ಹಾದುಹೋಗುವಂತಿರಲಿಲ್ಲ. ದೋಣಿ ಅಡ್ಡ ತಿರುಗಿ ಕಾಂಡಕ್ಕೆ ಒತ್ತಿಕೊಂಡಿತು, ಒಳಗೆ ನೀರು ತುಂಬಿತು, ಎಡಗೈ ಕೊಂಬೆಯ ಕವಲಿನಲ್ಲಿ ಸಿಕ್ಕಿ ಲಟಕ್ಕೆಂದಿತು. ತಲೆ ಎಷ್ಟು ಸಲ ನೀರೊಳಗೆ ಹೋಯಿತೋ ತಿಳಿಯದು. ಒಂದು ಸಲವಂತೂ ಇಲ್ಲಿಗೆ ಮುಗಿಯಿತು, ಅವ್ವನಿಗೆ ಹೇಳದೆ ಬಂದೆನಲ್ಲ ಎಂದುಕೊಂಡೆ. ಹೇಗೋ ಬಲಗೈಯಿಂದ ಕೊಂಬೆ ಹಿಡಿದು ಕಾಂಡದ ಮೇಲೆ ಹತ್ತಿ ಕೂತು ಗಳಗಳ ಅತ್ತೆ. ಆಮೇಲೆ ಹುಡುಕಿದೆ. ಈ ತುದಿಯಿಂದ ಆ ತುದಿಗೆ ತೆವಳಿಕೊಂಡು ಹೋಗಿ ಹುಡುಕಿದೆ. ಕೊಡಲಿಯ ಒಂದು ಏಟಿನ ಗುರುತೂ ಇರಲಿಲ್ಲ.

ಆಗಲೂ ನಿನ್ನ ಪರವಾಗಿಯೇ ವಾದ ಮಾಡಿದೆ ಕಣೋ. ಪಾಪ, ಬೇರೆ ಮರ ಕಡಿದಿರಬೇಕು, ತಿರುವು ತಪ್ಪಿರಬೇಕು ಎಂದುಕೊಂಡೇ ಮನೆಗೆ ಬಂದೆ. ಗದ್ದೆಯ ಬದುವಿನಲ್ಲಿ ಜಾರಿದೆ ಎಂದು ಅವ್ವನಿಗೆ ಹೇಳಿದೆ. ಮರುದಿನ ಫಿಲಿಪ್ ದೋಣಿ ಎಳೆದು ತಂದ. ಬಿರುಕು ಬಿಟ್ಟಿದೆ ಎಂದು ಹೇಳಲು ಕ್ಯಾಂಪಿನ ಮ್ಯಾನೇಜರ್ ನಾಗಲಿಂಗಪ್ಪನವರ ಹತ್ತಿರ ಹೋದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರು ಕೂಡ. ಬೈಯುತ್ತ ನಡುವೆ ನಿನ್ನನ್ನು ಹೊಗಳಿದರು: "ನಿಮ್ಮಣ್ಣ ಭಾಳ ಪ್ರಾಮಾಣಿಕ ಮನಷ್ಯಾ. ಗೋವಾಕ್ಕ ಹೋಗೂ ಮುಂದ ತಾನಾಗೇ ಬಂದು ಹೇಳಿದ, ಹಳ್ಳದಾಗ ಮರ ಹಂಗ ಐತ್ರಿ, ಗಿರಾಕಿಗಳನ್ನ ಬಿಡಬ್ಯಾಡ್ರಿ ಅಂತ. ನಿನಗ ಹೇಳಿಲ್ಲೇನ?"

ಹೇಳಿದ್ದ, ನಾನೇ ಮರೆತೆ ಎಂದೆ. ಬೇರೆ ಏನು ಹೇಳಲಿ?

ಅಣ್ಣಾ, ಕಡಿಯಲು ಆಗಲಿಲ್ಲ ಎಂದಿದ್ದರೆ ನಾನು ಒಂದು ದಿನ ಮುಖ ಊದಿಸಿಕೊಂಡಿರುತ್ತಿದ್ದೆ, ಅಷ್ಟೇ. ಮುಖವೇ ಅರಿಯದ ಗಿರಾಕಿಗಳಿಗೋಸ್ಕರ ಅಷ್ಟು ದೂರ ನಡೆದು ಹೋಗಿ ನಿಜ ಹೇಳಿ ಬಂದವನು, ಒಲೆಯ ಮುಂದೆ ಕೂತಿದ್ದ ನನಗೆ ಸುಳ್ಳು ಹೇಳಿದೆ. ನಾಲ್ಕೈದು ರಾತ್ರಿ ಇದನ್ನೇ ಯೋಚಿಸಿದೆ. ನಾನು ಸಾಯಲಿ ಎಂದು ನೀನು ಆ ಸುಳ್ಳು ಹೇಳಲಿಲ್ಲ, ಅದು ನನಗೆ ಗೊತ್ತು. ನಾನು ಹೋಗುವುದೇ ಇಲ್ಲ ಎಂದು ನೀನು ಅಂದುಕೊಂಡಿದ್ದೆ. ಗೈಡ್ ಆಗುತ್ತೇನೆ ಎನ್ನುವ ನನ್ನ ಮಾತು ನಿನಗೆ ಸಂಜೆಯ ಹೊತ್ತು ಕಳೆಯುವ ಆಟವಾಗಿತ್ತು. ಕೈಯ ನೋವು ಇಳಿಯುತ್ತಿದೆ, ಇದು ಇಳಿಯುತ್ತಿಲ್ಲ.

ಇಷ್ಟು ಸಾಕು. ಬಿಸಿನೀರು ಕುಡಿ, ಒದ್ದೆ ಬಟ್ಟೆಯಲ್ಲಿ ಮಲಗಬೇಡ. ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ. ಅವಳಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ನಿನ್ನ ತಂಗಿ,
ಜೆಸ್ಸಿಕಾ

ತಾ.ಕ.: ಅಂಚೆಯವ ಬಾಗಿಲಲ್ಲೇ ನಿಂತಿದ್ದಾನೆ. ಫಿಲಿಪ್‌ನ ಹತ್ತಿರ ನೀನು ಹೇಳಿ ಕಳಿಸಿದಂತೆ ನಿನ್ನ ಕೆಲಸದ ಬಗ್ಗೆ ನಾಗಲಿಂಗಪ್ಪನವರನ್ನು ಕೇಳಿದೆ, ಅಕ್ಟೋಬರಿಗೆ ನಿನ್ನ ಜಾಗ ಇಟ್ಟಿದ್ದಾರೆ, ಬಾ. ಆ ಮರದಿಂದ ಬದುಕಿ ಬಂದವಳು ಎಂದು ನನ್ನನ್ನೂ ಗೈಡ್ ಆಗಿ ಕಯಾಕಿಗೆ ತೆಗೆದುಕೊಂಡಿದ್ದಾರೆ. ನಾನು ನೀರಿನಲ್ಲಿರುವಾಗ ಮುಳುಗಿದರೆ ಎಳೆಯಲು ದಂಡೆಯ ಮೇಲೆ ಹಗ್ಗ ಹಿಡಿದು ನಿಲ್ಲಲು ನಿನ್ನ ಹೆಸರು ಹೇಳಿದರು. ಬೇಡ, ಫಿಲಿಪ್‌ನನ್ನು ಹಾಕಿ ಎಂದೆ. ಒಡಹುಟ್ಟಿದವನಿಗಿಂತ ಹೆಚ್ಚು ಯಾರನ್ನು ನಂಬುತ್ತೀ ಎಂದು ಕೇಳಿದರು. ಅಣ್ಣ ಗಿರಾಕಿಗಳ ಜೊತೆ ಇರಲಿ ಸರ್, ಅವರಿಗೆ ಅವನು ನಿಜ ಹೇಳುತ್ತಾನೆ ಎಂದೆ.