ಬೋರ್ಡಿನಲ್ಲಿ ಇಲ್ಲದ ಹಬ್ಬ

ಹಿನ್ನೀರಿನ ಕ್ಯಾಂಪು, ನಿಡಗುಂದಿ
ಗುರುವಾರ, 15 ಮೇ 2025

ಪ್ರೀತಿಯ ಅವ್ವಾ,

ಬರೆಯದೇ ಬಿಟ್ಟುಬಿಡೋಣ ಎಂದುಕೊಂಡಿದ್ದ ಮಾತನ್ನು ಮೊದಲೇ ಬರೆಯುತ್ತೇನೆ. ಕೊನೆಗೆಂದು ಇಟ್ಟರೆ ಅದು ಉಳಿದೇ ಹೋಗುತ್ತದೆ. ಕಳೆದ ಭಾನುವಾರ ಬಸವನ ಬಾಗೇವಾಡಿಯ ಬೀದಿಯಲ್ಲಿ ನಿನ್ನ ಗೆಳತಿ ಸೀತವ್ವ ನನ್ನ ಗುರುತು ಹಿಡಿದಳು. ನಾನು, ಈಕೆ ಯಾರೋ ಗೊತ್ತಿಲ್ಲ ಎಂದುಬಿಟ್ಟೆ.

ನಿನ್ನ ಮೊಣಕಾಲು ಹೇಗಿದೆ? ಪುಣೆಯಲ್ಲೂ ಬಿಸಿಲು ಹೀಗೇ ಇದೆಯೇ? ಕೂಸಿಗೆ ಎಣ್ಣೆ ಹಚ್ಚಲು ಪ್ರಜ್ಞಾ ಹೆದರುತ್ತಾಳೆ ಎಂದಿದ್ದೆಯಲ್ಲ, ಈಗಾದರೂ ತಂಗಿಗೆ ಕೈ ಕುದುರಿತೇ? ಲಿಫ್ಟು ಕೆಟ್ಟಾಗ ನಾಲ್ಕು ಮಹಡಿ ಹತ್ತಿ ತರಕಾರಿ ತರಬೇಡ. ಬಾಣಂತಿಯನ್ನು ನೋಡಿಕೊಳ್ಳಲು ಹೋದವಳು ನೀನೇ ಹಾಸಿಗೆ ಹಿಡಿದರೆ ಹೇಗೆ? ಹೇಳಿ ಉಪಯೋಗವಿಲ್ಲ ಎಂದು ಗೊತ್ತು, ಆದರೂ ಹೇಳುತ್ತೇನೆ.

ಇಲ್ಲಿ ಎಲ್ಲವೂ ರೇಗಿಸುವಂತಿದೆ. ಸಂಜೆಯಾದರೆ ಗಾಳಿ ಎದ್ದು ಹದಿನೆಂಟು ಟೆಂಟುಗಳಲ್ಲಿ ಒಂದಾದರೂ ಗೂಟ ಕಿತ್ತುಕೊಳ್ಳುತ್ತದೆ. ಹಿನ್ನೀರು ಸರಿದು ದೋಣಿಯ ಹತ್ತಿರ ಹೋಗಲು ಅರ್ಧ ಫರ್ಲಾಂಗು ಕೆಸರು ತುಳಿಯಬೇಕು. ಕೆಸರಿಗೂ ನಾನೇ ಹೊಣೆ ಎಂಬಂತೆ ಅತಿಥಿಗಳು ನೋಡುತ್ತಾರೆ. ಆದರೆ ಸುಳ್ಳು ಯಾಕೆ ಹೇಳಲಿ, ಅವರನ್ನು ಜೀಪಿನಲ್ಲಿ ಹಬ್ಬಗಳಿಗೆ ಕರೆದೊಯ್ಯುವ ಕೆಲಸ ನನಗೆ ಇಷ್ಟ. ಇಂಡಿ ಊರಿನ ಉರುಸಿನಲ್ಲಿ ಕುಸ್ತಿ ನೋಡುತ್ತ ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಬಾಗೇವಾಡಿಯ ಬಸವ ಜಯಂತಿಯಲ್ಲಿ ಪಂಕ್ತಿಯಲ್ಲಿ ಕೂತು ಎರಡು ಸಲ ಹುಗ್ಗಿ ಹಾಕಿಸಿಕೊಂಡೆ. ಅಡುಗೆಯ ಮಾಬುಬಿ ನಗುತ್ತಾಳೆ: "ಬಾಯಾರ, ಗಾಳಿಗೆ ಟೆಂಟ್ ಹಾರತೈತಿ, ಹಬ್ಬಕ್ಕ ನೀವು ಹಾರತೀರಿ!" ನಲವತ್ತನಾಲ್ಕರ ವಯಸ್ಸಿನಲ್ಲಿ ಇಷ್ಟು ಹಬ್ಬದ ಹುಚ್ಚು ಎಲ್ಲಿಂದ ಬಂತೋ ತಿಳಿಯದು.

ಗೇಟಿನ ಪಕ್ಕ ದೊಡ್ಡ ಬೋರ್ಡೊಂದಿದೆ. ಸುತ್ತಲಿನ ಊರುಗಳ ಬೇಸಿಗೆ ಹಬ್ಬಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ ಎಂದು ಮಾರ್ಚಿನಲ್ಲಿ ಮಾಲೀಕರು ಹೇಳಿದ್ದರು. ಯಾವುದು ಬೇಕು, ಯಾವುದು ಬೇಡ ಎಂದು ಅವರು ಹೇಳಲಿಲ್ಲ. "ಊರಿನವರು ನೀವು, ನೀವೇ ನೋಡ್ರಿ" ಎಂದರು, ಅಷ್ಟೇ. ಉರುಸು ಬರೆದೆ, ಬಸವ ಜಯಂತಿ ಬರೆದೆ, ಸಿಂದಗಿಯ ಕಲ್ಲೆತ್ತುವ ಪಂದ್ಯ, ಮುದ್ದೇಬಿಹಾಳದ ಕಾರಹುಣ್ಣಿಮೆ ಬರೆದೆ. ಏಪ್ರಿಲ್ ಹದಿನಾಲ್ಕರಿಂದ ಮೇ ಮುಗಿಯುವವರೆಗೆ ಒಂದೊಂದು ವಾರ ಒಂದೊಂದು ಊರಿನ ಓಣಿಯಲ್ಲಿ ನಡೆಯುವ ನಮ್ಮ ಭೀಮ ಜಯಂತಿಯನ್ನು ಬರೆಯಲಿಲ್ಲ. ಮರೆತೆ ಎನ್ನಲೇ? ಮರೆತಿರಲಿಲ್ಲ. ಸೀಮೆಸುಣ್ಣದ ಕಡ್ಡಿ ಕೈಯಲ್ಲಿ ಹಿಡಿದು ಒಂದು ನಿಮಿಷ ನಿಂತಿದ್ದೆ. ಅದನ್ನು ಬರೆದರೆ ಯಾರಾದರೂ ನೀವು ಯಾರು ಎಂದು ಕೇಳಬಹುದು ಅನ್ನಿಸಿತು. ಇಲ್ಲಿಗೆ ಬಂದ ಮೇಲೆ ಯಾರೂ ಕೇಳಿಲ್ಲ. ಕೇಳದೇ ಇರುವುದು ನನಗೆ ಎಷ್ಟು ಹಿತವಾಗಿತ್ತು ಎಂಬುದನ್ನು ನಿನಗೆ ಹೇಗೆ ಬರೆಯಲಿ? ಆಲಮಟ್ಟಿಯ ಅಣೆಕಟ್ಟಿಗೆ ಕಲ್ಲು ಹೊತ್ತು ನೀನು ಶಾಲೆಗೆ ಕಳಿಸಿ ಕಲಿಸಿದ ಇಂಗ್ಲಿಷಿನಲ್ಲಿ ನಾನು ಬರೆದ ಪಟ್ಟಿ ಅದು.

ಭಾನುವಾರ ದಾವಣಗೆರೆಯ ನಿವೃತ್ತ ಶಿಕ್ಷಕಿ ಮೇಡಂ ಒಬ್ಬರನ್ನೂ ಅವರ ಮನೆಯವರನ್ನೂ ಸಿಂದಗಿಗೆ ಕರೆದೊಯ್ದಿದ್ದೆ. ಜೀಪು ನಡೆಸುವವನು ಫಿರೋಜ. ಕಲ್ಲು ಮೊಣಕಾಲಿಗೂ ಏರದೆ ಒಬ್ಬ ಜಟ್ಟಿ ಕೈಬಿಟ್ಟಾಗ ಹಿಂದಿನಿಂದ ಒಬ್ಬ ಅಜ್ಜ, "ಚಹಾ ಕುಡದ ಬಂದಾನ್ರೀ, ರೊಟ್ಟಿ ತಿಂದ ಬಂದಿಲ್ಲ" ಎಂದ. ಮೇಡಂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಹಿಂತಿರುಗುವಾಗ, ಹೊತ್ತು ಇಳಿಯುವ ಮುನ್ನ, ಬಾಗೇವಾಡಿಯಲ್ಲಿ ಭೀಮ ಜಯಂತಿಯ ಮೆರವಣಿಗೆ ಎದುರಾಗಿ ಜೀಪು ನಿಂತಿತು. ನೀಲಿ ಬಾವುಟ, ಹಲಗಿಯ ಬಡಿತ, ಹುಡುಗಿಯರ ಲೇಜಿಮು ಕುಣಿತ. ನನ್ನ ಕಾಲು ತಾನೇ ತಾಳ ಹಾಕುತ್ತಿತ್ತು. ಅಷ್ಟರಲ್ಲಿ ಶರಬತ್ತಿನ ಗ್ಲಾಸು ಹಿಡಿದು ಸೀತವ್ವ ಕಿಟಕಿಗೇ ಬಂದಳು. "ಯಶೋಧಾನ ಮಗಳ ಅಲ್ಲೇನ ನೀ? ಗೌತಮಿ! ಇಳಿಯವ್ವಾ ಕೆಳಗ, ಜೀಪಿನ್ಯಾಗ ಕುಂತು ಯಾರ ಜಯಂತಿ ನೋಡಾಕತ್ತಿ?" ಮೇಡಂ ಸುಮ್ಮನೆ, ಯಾವ ಕೊಂಕೂ ಇಲ್ಲದೆ, "ನಿಮಗೆ ಪರಿಚಯದವರಾ?" ಎಂದು ಕೇಳಿದರು. ನಾನು "ಇಲ್ಲ, ಬೇರೆ ಯಾರೋ ಅಂದ್ಕೊಂಡಿದ್ದಾರೆ" ಎಂದೆ. ಸೀತವ್ವನಿಗೆ ಕೇಳಿಸಿತು. ನನ್ನನ್ನೇ ಒಂದು ಗಳಿಗೆ ನೋಡಿದಳು. "ಹೌದೇನವ್ವಾ? ವಯಸ್ಸಾತು, ಕಣ್ಣು ಕಾಣಂಗಿಲ್ಲ. ಇರ್ಲಿ, ಶರಬತ್ತರ ಕುಡಿ" ಎಂದು ಗ್ಲಾಸನ್ನು ನನ್ನ ಕೈಗೆ ಕೊಟ್ಟಳು. ನಾನು ಕುಡಿದೆ, ಅವ್ವಾ. ಬೇರೆ ಯಾರೋ ಆಗಿ ಕುಡಿದೆ.

ಫಿರೋಜನಿಗೆ ಎಲ್ಲ ಗೊತ್ತು. ನನ್ನನ್ನು ಎಷ್ಟೋ ಸಲ ಮುದ್ದೇಬಿಹಾಳದ ನಮ್ಮ ಮನೆಗೆ ಬಿಟ್ಟುಬಂದವನು, ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋದ ಕೆಳಗೆ ಕೂತು ಚಹಾ ಕುಡಿದವನು. ಅತಿಥಿಗಳು ಇಳಿದು ಹೋದ ಮೇಲೆ ಬೋರ್ಡಿನ ಮುಂದೆ ನಿಂತು ಕೇಳಿದ: "ಅಕ್ಕಾರ, ನಮ್ಮ ಉರುಸು ಬರದೀರಿ, ಎಲ್ಲಾರದೂ ಬರದೀರಿ. ನಿಮ್ಮದಷ್ಟ ಯಾಕ ಬಿಟ್ರಿ? ಯಾರರ ಬ್ಯಾಡ ಅಂದ್ರೇನು?" ಯಾರೂ ಅಂದಿರಲಿಲ್ಲ. ಅದೇ ನನ್ನನ್ನು ನಾಲ್ಕು ದಿನದಿಂದ ಹಿಂಡುತ್ತಿರುವುದು. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳೋಣವೆಂದರೆ ಒಬ್ಬರೂ ಸಿಗುತ್ತಿಲ್ಲ. ತಪ್ಪನ್ನು ಮಾಲೀಕರ ಮೇಲೆ ಹಾಕಲು ನೋಡಿದೆ, ಮೇಡಂ ಮೇಲೆ ಹಾಕಲು ನೋಡಿದೆ. ಯಾವುದೂ ನಿಲ್ಲಲಿಲ್ಲ. ಸುಮ್ಮನೆ ಮಾಬುಬಿಯ ಮೇಲೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ರೇಗಿದೆ.

ಮಂಗಳವಾರ ಬೋರ್ಡಿಗೆ ಒಂದು ಸಾಲು ಸೇರಿಸಿದ್ದೇನೆ: ಮೇ 24, ಮುದ್ದೇಬಿಹಾಳ, ನಮ್ಮ ಓಣಿಯ ಭೀಮ ಜಯಂತಿ. ಎರಡೂ ಭಾಷೆಯಲ್ಲಿ 'ನಮ್ಮ' ಎಂದೇ ಬರೆದೆ. ಆಕಾಶ ಕಳಚಿ ಬೀಳಲಿಲ್ಲ. ನಿನ್ನೆ ಹೊಸದಾಗಿ ಬಂದ ಐದು ಜನ, ಆ ದಿನಕ್ಕೆ ಮತ್ತೆ ಬರುತ್ತೇವೆಂದು ಜೀಪಿಗೆ ಹೆಸರು ಕೊಟ್ಟರು, ಅಷ್ಟೇ. ಇಷ್ಟು ಸುಲಭವಿತ್ತು ಎಂಬುದಕ್ಕೂ ಸಿಟ್ಟು ಬರುತ್ತದೆ.

ಪ್ರಜ್ಞಾಳಿಗೆ ನನ್ನ ನೆನಪು ಹೇಳು, ಕೂಸಿನ ಅಂಗಾಲಿಗೆ ಒಂದು ಮುತ್ತು. ನೀನಿಲ್ಲದ ಜಯಂತಿಯಲ್ಲಿ ನಿನ್ನ ಬಾವುಟ ನಾನು ಹಿಡಿಯುತ್ತೇನೆ. ಜೈ ಭೀಮ್.

ನಿನ್ನ ಮಗಳು,
ಗೌತಮಿ

ತಾ.ಕ.: ಬೋರ್ಡಿನ ವಿಷಯ ಬರೆದು ನಿನ್ನ ಕಣ್ಣಲ್ಲಿ ಪಾರಾಗಲು ನೋಡಿದೆನೋ ಏನೋ. ಸೀತವ್ವನ ಮನೆಗೆ ನಾನು ಇನ್ನೂ ಹೋಗಿಲ್ಲ. ನಿನ್ನ ಜೊತೆ ಕಲ್ಲು ಹೊತ್ತ ಗೆಳತಿ, ನಾಳೆ ನಿನಗೆ ಫೋನು ಮಾಡಿದರೂ ಈ ಮಾತು ಎತ್ತುವವಳಲ್ಲ, ನನಗೆ ಗೊತ್ತು. ಅದಕ್ಕೇ ಹೋಗಬೇಕು. ಆಕೆಗೆ ಓದಲು ಬರುವುದಿಲ್ಲ. ಹಾಗಾಗಿ ಲಕೋಟೆ ಅಂಟಿಸದೆ ಒಯ್ದು, ಆಕೆಯ ಎದುರು ಕೂತು, ಈ ಪತ್ರವನ್ನು ಮೊದಲ ಸಾಲಿನಿಂದ ಓದಿ ಹೇಳುತ್ತೇನೆ. ಬೈದರೆ ಬೈಯಲಿ. ಆಮೇಲೆ ಬಾಗೇವಾಡಿಯಲ್ಲೇ ಅಂಚೆಗೆ ಹಾಕುತ್ತೇನೆ: ಶನಿವಾರ, ಮೇ 17.