ಮುದ್ರೆ ಅಳಿಸಿದ ಪೈಪುಗಳು

ಗುರುವಾರ, ಸೆಪ್ಟೆಂಬರ್ 12

ಬದುಕಿಕೊಂಡೆ.

ಲ್ಯಾಬ್ ಮಿಸ್ ಎರಡು ಸ್ಟೀಲ್ ಪೈಪುಗಳನ್ನು ಕ್ಲೀನ್ ಮಾಡು ಎಂದಿದ್ದರು. ನಾನು ಎಷ್ಟು ಸಿನ್ಸಿಯರ್ ಎಂದರೆ, ಅಸಿಟೋನ್ ಹಾಕಿ ಉಜ್ಜಿ ಮೇಲೆ ಪ್ರಿಂಟ್ ಆಗಿದ್ದ ಸ್ಟೀಲಿನ ಗ್ರೇಡ್ ನಂಬರನ್ನೂ ಒರೆಸಿಹಾಕಿದೆ. ಒಂದು 304, ಇನ್ನೊಂದು 316L. ನೋಡಲು ಅವಳಿ ಮಕ್ಕಳು. ಒಂದನ್ನು ಆಗಲೇ ಉಪ್ಪುನೀರು ಹರಿಸಿ ಪರೀಕ್ಷಿಸುವ ರಿಗ್‌ಗೆ ಕೂರಿಸಿಯೂ ಆಗಿತ್ತು. ಅಲ್ಲಿ 316L ಇರಲೇಬೇಕು. 304 ಹಾಲಿಗೆ, ಕುಡಿಯುವ ನೀರಿಗೆ ಸಾಕು; ಉಪ್ಪಿನ ಕೈಗೆ ಸಿಕ್ಕರೆ ಸಣ್ಣ ಸಣ್ಣ ತೂತು ಬೀಳುತ್ತದೆ. ತಪ್ಪಿದ್ದರೆ ಇಡೀ ಬ್ಯಾಚಿನ ಪ್ರಾಜೆಕ್ಟ್ ಹಾಳು, ಅದೂ ನನ್ನಿಂದ.

ಲ್ಯಾಬ್ ಪಾರ್ಟ್ನರ್ ಲಂಬು, "ಮ್ಯಾಗ್ನೆಟ್ ಹಿಡಿ, ಗೊತ್ತಾಗತ್ತೆ" ಎಂದ. ಎರಡಕ್ಕೂ ಅಂಟಲಿಲ್ಲ. ಎರಡೂ ಆಸ್ಟೆನಿಟಿಕ್, ಅಂದರೆ ಮ್ಯಾಗ್ನೆಟ್‌ಗೆ ಅಂಟದ ಜಾತಿಯ ಸ್ಟೀಲ್ ಎಂದು ಮೊನ್ನೆ ಟೆಸ್ಟಿನಲ್ಲಿ ನಾನೇ ಬರೆದಿದ್ದೆ! ಕೊನೆಗೆ ಮಿಸ್ ಹತ್ತಿರ ಹೇಳಿಯೇಬಿಟ್ಟೆ.

"ಮುಖ ತೊಳಿ ಅಂದ್ರೆ ಹೆಸರನ್ನೇ ತೊಳೆದುಬಿಟ್ಯಲ್ಲೇ ತಾಯಿ!" ಎಂದು ನಕ್ಕರು. ಬೈಯಲಿಲ್ಲ. ಪೈಪಿನ ಮೇಲೆ ಒಂದು ಹನಿ ದ್ರಾವಣ ಬಿಟ್ಟು ಬ್ಯಾಟರಿಯ ವೈರು ಮುಟ್ಟಿಸಿದರು. "ಮಾಲಿಬ್ಡಿನಂ ಇದ್ರೆ ಕೆಂಪಾಗತ್ತೆ. 316Lನಲ್ಲಿ ಅದು ಇರತ್ತೆ, 304ರಲ್ಲಿ ಇರಲ್ಲ."

ಮೇಜಿನ ಮೇಲಿದ್ದ ಪೈಪಿನ ಹನಿ ಹಳದಿಯಾಗಿಯೇ ಉಳಿಯಿತು. ರಿಗ್‌ನಲ್ಲಿದ್ದದ್ದು ನಿಧಾನವಾಗಿ ಕೆಂಪಾಯಿತು. ನಮ್ಮ ಹಾಸ್ಟೆಲ್ ಸ್ಕೂಲಿನಲ್ಲಿ ಕೆಂಪು ಎಂದರೆ ತಪ್ಪು ಹಿಡಿಯುವ ವಾರ್ಡನ್ ಪೆನ್ನು. ಕೆಂಪು ಕಂಡು ಖುಷಿಯಾದದ್ದು ಇದೇ ಮೊದಲು.

ಮಿಸ್ ಪೇಂಟ್ ಮಾರ್ಕರ್ ಕೊಟ್ಟು, "ಅಳಿಸಿದವಳೇ ಬರಿ" ಎಂದರು. ಎರಡರ ಎರಡೂ ತುದಿಗೆ ಬರೆದೆ. ಬೆರಳ ತುಂಬ ಇನ್ನೂ ಪೇಂಟ್ ಇದೆ. ಅಸಿಟೋನ್ ಹಾಕಿದರೆ ಹೋಗುತ್ತಂತೆ. ಬೇಡಪ್ಪಾ, ಅದರ ಸಹವಾಸವೇ ಬೇಡ. ಇರಲಿ, ತಾನಾಗಿಯೇ ಹೋಗುವವರೆಗೂ.