ಹದಿನಾರು ಬಣ್ಣಗಳಲ್ಲಿ ಒಂದು ಮರಿ

ಶ್ರೀರಾಂಪುರ, ಡಿಸೆಂಬರ್ ೫, ಶುಕ್ರವಾರ

ಶಾಲೆಯ ಹಳೆಯ ಕಂಪ್ಯೂಟರಿನ ಚಿಂತೆ ಇಂದೂ ಬಿಡಲಿಲ್ಲ. ಪರದೆಗೆ ಬಣ್ಣ ಕೊಡುವ ಅದರ ಗ್ರಾಫಿಕ್ಸ್ ಕಾರ್ಡಿಗೆ ತಕ್ಕ ಡ್ರೈವರ್ ತಂತ್ರಾಂಶ ಎಲ್ಲಿಯೂ ದೊರೆಯದ ಕಾರಣ ಪರದೆಯ ಮೇಲೆ ಹದಿನಾರು ಬಣ್ಣಗಳಷ್ಟೇ ಮೂಡುತ್ತವೆ. ಸೋಮವಾರ ಚಿತ್ರದುರ್ಗದ ಮಕ್ಕಳ ಚಿತ್ರ ಪ್ರದರ್ಶನಕ್ಕೆ ನಮ್ಮ ವಿದ್ಯಾರ್ಥಿನಿ ಕಾವ್ಯಶ್ರೀ ತನ್ನ ಕುರಿಮರಿಯ ಚಿತ್ರವನ್ನು ಇದೇ ಕಂಪ್ಯೂಟರಿನಲ್ಲಿ ಬರೆದು ಒಯ್ಯಬೇಕು. ಮರಿಯ ಕೆಂಗಂದು ಮೈಬಣ್ಣ ಆ ಹದಿನಾರರಲ್ಲಿ ಇಲ್ಲ. ಬೇರೆ ಚಿತ್ರ ಬರೆಯಮ್ಮ ಎಂದೆ. ಹುಡುಗಿ ಒಪ್ಪಲಿಲ್ಲ.

"ಕರಿ ಎಳೆ, ಬಿಳಿ ಎಳೆ ಕೂಡಿಸಿ ನೇಯ್ದ ಕಂಬಳಿ ದೂರದಿಂದ ಬೂದಿ ಬಣ್ಣ ಕಾಣ್ತೈತಲ್ಲ ಸರ್, ಹಂಗೇ ಮಾಡ್ತೀನಿ" ಎಂದು ಕೆಂಪು, ಹಳದಿ, ಕಪ್ಪು ಚುಕ್ಕಿಗಳನ್ನು ಒತ್ತೊತ್ತಾಗಿ ಇಡತೊಡಗಿದಳು.

ಪಕ್ಕದಲ್ಲಿ ಕುಳಿತಿದ್ದ ಅವಳ ಸಹಪಾಠಿ ನಾಗಭೂಷಣ ಇಣುಕಿ, "ಏನೇ, ನಿನ್ ಮರಿಗೆ ಸಿಡುಬು ಬಂದೈತಾ?" ಎಂದು ನಕ್ಕ.

"ಹಿಂದಕ್ಕೋಗಿ ನೋಡಪ್ಪ."

ಅವನೊಡನೆ ನಾನೂ ಬಾಗಿಲವರೆಗೆ ಹೋಗಿ ತಿರುಗಿ ನೋಡಿದೆ. ಪರದೆಯ ಮೇಲೆ ಕೆಂಗಂದು ಮರಿ ನಿಂತಿತ್ತು.

ಕಾರ್ಡು ಕೊಡದ ಬಣ್ಣವನ್ನು ಕಣ್ಣೇ ಕೂಡಿಸಿಕೊಂಡಿತು. ಈ ಸಂತೋಷಕ್ಕೆ ನಿದ್ದೆ ಬರುತ್ತಿಲ್ಲ. ಇನ್ನು ಡ್ರೈವರಿಗಾಗಿ ಕಾಯುವುದು ಬೇಡ. ಮರಿಗೆ ಕಿವಿಗಳು ಬಾಕಿ ಇವೆ. ನಾಳೆ ಬೆಳಗಿನ ಶಾಲೆ. ಬೇಗ ಹೋಗಿ ಬಾಗಿಲು ತೆರೆದು, ಎಲ್ಲ ಮಕ್ಕಳನ್ನೂ ಕರೆಯಬೇಕು: ಬರ್ರಿ, ಕುಂತ್ಕಳ್ರಿ, ಇರೋ ಬಣ್ಣದಾಗೇ ಶುರು ಮಾಡಾಣ.